ದಮ್ಮಿನ ಪಂಪೂ ಸೈಕಲ್ ಪಂದ್ಯವೂ

ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಮುಡಬಿಯಲ್ಲಿ ಹೊಟ್ಟಿನ ಧೂಳು ಮನೆಮನೆಗೂ ನುಗ್ಗುತ್ತದೆ. ದಮ್ಮಿದ್ದವರ ಪಾಡು ಕೇಳಬೇಡಿ. ಹೋದ ವರ್ಷ ಅದೇ ಹೊತ್ತಿಗೆ ಬಂದಿದ್ದ ನನ್ನ ತಂಗಿಯ ಮಗಳು ರಾತ್ರಿಯೆಲ್ಲ ಕೂತೇ ಉಸಿರೆಳೆದಳು. ವಿಜಯಪುರದಲ್ಲಿ ಸೈಕಲ್ ಪಂದ್ಯಕ್ಕೆ ತಯಾರಾಗುತ್ತಿರುವ ಹುಡುಗಿ. ಪಂಪು ಚೀಲದಲ್ಲೇ ಇತ್ತು. "ಯಾಕವ್ವಾ, ಹೊಡ್ಕೋಬಾರದಾ?" ಎಂದರೆ, "ದೊಡ್ಡವ್ವಾ, ಪರೀಕ್ಷಾದಾಗ ಸಿಕ್ಕಿಬಿದ್ರ ಪಂದ್ಯದಿಂದ ತೆಗೀತಾರ!" ಎಂದು ಅತ್ತಳು. ನೋಡಲಾರದೆ ಮನೆಯಲ್ಲಿದ್ದ ಕೆಮ್ಮಿನ ಸಿರಪ್ಪು ಎರಡು ಚಮಚ ಕುಡಿಸಿದೆ.

ಬೆಳಿಗ್ಗೆ ಬಸವಕಲ್ಯಾಣದ ಡಾಕ್ಟರ ಹತ್ತಿರ ಹೋದಾಗ ಗೊತ್ತಾಯಿತು, ಇಬ್ಬರೂ ತಪ್ಪಿದ್ದೆವು. ಆಟಕ್ಕೆ ನಡೆಯುವುದು ಪಂಪು. ನಡೆಯದಿರುವುದು ನಾನು ಕುಡಿಸಿದ ಸಿರಪ್ಪು! ಎರಡರಲ್ಲೂ ಇರುವುದು ಸಾಲ್ಬುಟಮಾಲ್ ಎಂಬ ಒಂದೇ ಔಷಧಿ. ಪಂಪಿನದು ಸ್ವಲ್ಪವೇ, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮಾತ್ರೆ, ಸಿರಪ್ಪಿನದು ಮೈಯೆಲ್ಲ ಹರಡುತ್ತದೆ. ಸ್ನಾಯುಬಲಕ್ಕೆ ನೆರವಾದೀತೆಂದು ಪಂದ್ಯವಿಲ್ಲದ ದಿನಗಳಲ್ಲೂ ಅದಕ್ಕೆ ನಿಷೇಧ.

ಪಂಪಿಗೂ ಮಿತಿಯುಂಟು. 24 ಗಂಟೆಗೆ 1600 ಮೈಕ್ರೋಗ್ರಾಂ, ಅದರಲ್ಲೂ ಯಾವುದೇ 8 ಗಂಟೆಗೆ 600 ಮೀರಬಾರದು. ಸಾಮಾನ್ಯವಾಗಿ ಒಂದು ಸಲ ಒತ್ತಿದರೆ 100 ಮೈಕ್ರೋಗ್ರಾಂ. ಇದು ಆಟದ ಮಿತಿ, ದಿನಾ ತೆಗೆದುಕೊಳ್ಳಬೇಕಾದ ಅಳತೆಯಲ್ಲ. ಒಂದು ಮಿಲಿಲೀಟರ್ ಮೂತ್ರದಲ್ಲಿ 1000 ನ್ಯಾನೊಗ್ರಾಂ ದಾಟಿದರೆ ವಿಚಾರಣೆಗೆ ಕರೆಯುತ್ತಾರೆ. 2014ರಲ್ಲಿ ಇಟಲಿಯ ಡಿಯೆಗೊ ಉಲಿಸ್ಸಿಗೆ 1900 ಬಂದು 9 ತಿಂಗಳ ನಿಷೇಧವಾಯಿತು. 2017ರಲ್ಲಿ ಬ್ರಿಟನ್ನಿನ ಕ್ರಿಸ್ ಫ್ರೂಮ್‌ಗೆ 2000 ಬಂದಿತ್ತು. ತಿಂಗಳುಗಟ್ಟಲೆ ವಿಚಾರಣೆಯಾಗಿ 2018ರ ಜುಲೈನಲ್ಲಿ ಶಿಕ್ಷೆಯಿಲ್ಲದೆ ಮುಗಿಯಿತು. ಅಂಥ ದೊಡ್ಡವರೇ ಪಂಪು ಹಿಡಿದು ಸೈಕಲ್ ತುಳಿದಿದ್ದಾರೆಂದು ಕೇಳಿ ನಮ್ಮ ಹುಡುಗಿಯ ಮುಖ ಅರಳಿತು.

ಆಡುವ ಮಕ್ಕಳಿರುವ ತಾಯಂದಿರೇ, ಇಷ್ಟು ನೆನಪಿಡಿ. ಭಯಕ್ಕೆ ಪಂಪು ಬಿಡಿಸಬೇಡಿ. ಅಂಗಡಿಯಿಂದ ತಂದ ಕೆಮ್ಮಿನ ಔಷಧಿ ಕೇಳದೆ ಕುಡಿಸಬೇಡಿ. ಕೆಲವದರಲ್ಲಿ ಟರ್ಬುಟಲಿನ್ ಇರುತ್ತದೆ, ಅದೂ ನಿಷಿದ್ಧ. ಆವಿಯ ಯಂತ್ರದಲ್ಲಿ ಕೊಡುವ ಔಷಧಿ ಒಂದೇ ಸಲಕ್ಕೆ ಮಿತಿ ದಾಟಬಹುದು. ಬೇರೆ ದಾರಿ ಇಲ್ಲದಿದ್ದರೆ ಡಾಕ್ಟರ ಕಾಗದಗಳೊಂದಿಗೆ, ನಿಯಮದ ಪ್ರಕಾರ, ಚಿಕಿತ್ಸೆಯ ವಿನಾಯಿತಿ ಕೇಳಬಹುದು. ನಮ್ಮ ದೇಶದಲ್ಲಿ ಅದನ್ನು ನೋಡಿಕೊಳ್ಳುವುದು ನಾಡಾ ಎಂಬ ಸಂಸ್ಥೆ. ಉಸಿರು ಕಟ್ಟಿದಾಗ ಮಾತ್ರ ಇದ್ಯಾವುದನ್ನೂ ಲೆಕ್ಕಿಸದೆ ಮೊದಲು ಆಸ್ಪತ್ರೆಗೆ ಓಡಿ. ತುರ್ತಿನಲ್ಲಿ ಕೊಟ್ಟ ಔಷಧಿಗೆ ಆಮೇಲೂ ಅರ್ಜಿ ಹಾಕಬಹುದು.

ಈಗ ನಮ್ಮ ಹುಡುಗಿ ಒಂದು ಚಿಕ್ಕ ನೋಟುಬುಕ್ಕು ಇಟ್ಟಿದ್ದಾಳೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸಲ ಪಂಪು ಒತ್ತಿದಳೆಂದು ಬರೆಯುತ್ತಾಳೆ. ನಾನು ಸಿರಪ್ಪಿನ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಲು ಕಲಿತಿದ್ದೇನೆ.