ಮೆಡಿಕಲ್ ಅಸಿಸ್ಟೆಂಟ್ ನರ್ಸ್ ಆಗುವ ಹಾದಿ

ಅಮೆರಿಕದ ಕ್ಲಿನಿಕ್ಕುಗಳಲ್ಲಿ ವೈದ್ಯರಿಗಿಂತ ಮೊದಲು ರೋಗಿಯನ್ನು ಮಾತನಾಡಿಸುವವರು ಸಾಮಾನ್ಯವಾಗಿ ಮೆಡಿಕಲ್ ಅಸಿಸ್ಟೆಂಟ್‌ಗಳು. ತೂಕ, ಬಿ.ಪಿ., ಜ್ವರ ನೋಡಿ ಬರೆದುಕೊಳ್ಳುವುದು, ಇಸಿಜಿ ತೆಗೆಯುವುದು, ರಾಜ್ಯದ ನಿಯಮ ಒಪ್ಪುವಷ್ಟರ ಮಟ್ಟಿಗೆ ಇಂಜೆಕ್ಷನ್ ಕೊಡುವುದು, ಜೊತೆಗೆ ವಿಮೆಯ ಕಾಗದಪತ್ರ ನೋಡಿಕೊಳ್ಳುವುದು ಅವರ ಕೆಲಸ. ಬಹುತೇಕ ರಾಜ್ಯಗಳಲ್ಲಿ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ವೃತ್ತಿಸಂಘಗಳು ಪರೀಕ್ಷೆ ನಡೆಸಿ ಕೊಡುವ ಪ್ರಮಾಣಪತ್ರವನ್ನು ಮಾಲೀಕರು ಪರಿಗಣಿಸುತ್ತಾರೆ. ವೈದ್ಯರು ವಹಿಸಿದ್ದನ್ನು ಅವರ ಮೇಲ್ವಿಚಾರಣೆಯಲ್ಲಿ ಮಾಡುವುದಷ್ಟೇ ಈ ಹುದ್ದೆಯ ವ್ಯಾಪ್ತಿ.

ಇದರ ಮೇಲಿನ ಮೆಟ್ಟಿಲು ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್, ಅಂದರೆ ಎಲ್‌ಪಿಎನ್. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ಗಳಲ್ಲಿ ಇದೇ ಹುದ್ದೆಗೆ ಎಲ್‌ವಿಎನ್ ಎಂಬ ಹೆಸರಿದೆ. ಇವರಲ್ಲಿ ಹೆಚ್ಚಿನವರು ವೃದ್ಧರ ಆರೈಕೆ ಕೇಂದ್ರ, ಆಸ್ಪತ್ರೆ ಮತ್ತು ರೋಗಿಗಳ ಮನೆಗಳಲ್ಲಿ ದುಡಿಯುತ್ತಾರೆ. ಮಾತ್ರೆ, ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಕ್ಯಾಥೆಟರ್ ಹಾಕುವುದು ಇವರ ನಿತ್ಯದ ಕೆಲಸ. 2024ರ ಸರ್ಕಾರಿ ಅಂಕಿಅಂಶದಂತೆ ಮೆಡಿಕಲ್ ಅಸಿಸ್ಟೆಂಟ್‌ಗಳ ವಾರ್ಷಿಕ ಮಧ್ಯಾಂಕ ವೇತನ ಸುಮಾರು 44,000 ಡಾಲರ್. ಎಲ್‌ಪಿಎನ್‌ಗಳದ್ದು ಸುಮಾರು 62,000.

ಸಂಬಳದಷ್ಟೇ ದೊಡ್ಡ ವ್ಯತ್ಯಾಸ ಹೊಣೆಗಾರಿಕೆಯಲ್ಲಿದೆ. ಹೃದಯದ ಔಷಧ ಡಿಗಾಕ್ಸಿನ್ ಕೊಡುವ ಸಂದರ್ಭವನ್ನೇ ನೋಡಬಹುದು. ನರ್ಸ್ ಮೊದಲು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸುತ್ತಾರೆ. ವಯಸ್ಕರಲ್ಲಿ ಅದು 60ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮಾತ್ರೆ ತಡೆಹಿಡಿದು, ರಿಜಿಸ್ಟರ್ಡ್ ನರ್ಸ್‌ಗೋ ವೈದ್ಯರಿಗೋ ತಿಳಿಸುತ್ತಾರೆ. ಎಣಿಸುವುದು ಮೆಡಿಕಲ್ ಅಸಿಸ್ಟೆಂಟ್‌ಗೂ ಗೊತ್ತು. ಎಣಿಕೆ ನೋಡಿ ಔಷಧ ಕೊಡಬೇಕೋ ಬೇಡವೋ ಎಂದು ತೂಗಿ ನೋಡುವ, ಆ ತೀರ್ಮಾನಕ್ಕೆ ಸ್ವಂತ ಲೈಸೆನ್ಸ್ ಮೇಲೆ ಉತ್ತರಿಸುವ ಜವಾಬ್ದಾರಿ ನರ್ಸ್‌ನದು.

ಈ ವಿವೇಚನೆ ಬೆಳೆಸುವುದೇ ತರಬೇತಿಯ ಉದ್ದೇಶ. ಸಮುದಾಯ ಕಾಲೇಜು ಅಥವಾ ವೃತ್ತಿಶಾಲೆಗಳಲ್ಲಿ ಪೂರ್ಣಾವಧಿಯ ಕೋರ್ಸ್‌ಗೆ ಸುಮಾರು ಒಂದು ವರ್ಷ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ 1,530 ಗಂಟೆ ಕಡ್ಡಾಯ. ಅದರಲ್ಲಿ 954 ಗಂಟೆ ರೋಗಿಗಳ ನಡುವಿನ ಪ್ರಾಯೋಗಿಕ ಕಲಿಕೆ. ಅನೇಕ ಕಾಲೇಜುಗಳು ಪ್ರವೇಶ ಪರೀಕ್ಷೆ, ಲಸಿಕೆಯ ದಾಖಲೆ ಮತ್ತು ಪೊಲೀಸ್ ಪರಿಶೀಲನೆ ಕೇಳುತ್ತವೆ.

ಕ್ಲಿನಿಕ್ಕಿನ ಅನುಭವ ಇಲ್ಲಿ ನಿಜಕ್ಕೂ ಕೈಹಿಡಿಯುತ್ತದೆ. ವೈದ್ಯಕೀಯ ಪದಗಳು ಹೊಸತಲ್ಲ, ಸೂಜಿ ಹಿಡಿಯಲು ಕೈ ನಡುಗುವುದಿಲ್ಲ, ಗಾಬರಿಗೊಂಡ ರೋಗಿಯನ್ನು ಸಮಾಧಾನಪಡಿಸುವುದು ರೂಢಿಯಾಗಿರುತ್ತದೆ. ಆದರೂ ಆ ಅನುಭವ ಕೋರ್ಸ್‌ಗೆ ಪರ್ಯಾಯವಲ್ಲ. ಕೆಲವು ಕಾಲೇಜುಗಳು ಹಿಂದೆ ಓದಿದ ವಿಷಯಗಳಿಗೆ ಕ್ರೆಡಿಟ್ ಕೊಡುತ್ತವೆ, ಹಲವು ಕೊಡುವುದಿಲ್ಲ. ಹಗಲಿಡೀ ವಾರ್ಡಿನ ಕಲಿಕೆ ಇರುವುದರಿಂದ ಕೆಲಸ ಬಿಡಲಾಗದವರು ಸಂಜೆ ಮತ್ತು ವಾರಾಂತ್ಯದ ಕೋರ್ಸ್‌ಗಳನ್ನು ಹುಡುಕಿಕೊಳ್ಳಬೇಕು. ಅವು ಹೆಚ್ಚು ಕಾಲ ಹಿಡಿಯುತ್ತವೆ. ಶುಲ್ಕ ಕಟ್ಟುವ ಮುನ್ನ ಆ ಕೋರ್ಸ್‌ಗೆ ರಾಜ್ಯದ ನರ್ಸಿಂಗ್ ಮಂಡಳಿಯ ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ. ಮಾನ್ಯತೆ ಇಲ್ಲದ ಕೋರ್ಸ್‌ನಿಂದ ಹಣವೂ ಹೋಗುತ್ತದೆ, ವರ್ಷವೂ ಹೋಗುತ್ತದೆ.

ಕೊನೆಯ ಹಂತ ಎನ್‌ಕ್ಲೆಕ್ಸ್-ಪಿಎನ್ ಪರೀಕ್ಷೆ. ಕಂಪ್ಯೂಟರ್ ಮೇಲೆ ನಡೆಯುವ ಇದರಲ್ಲಿ ಪ್ರಶ್ನೆಗಳ ಸಂಖ್ಯೆ 85ರಿಂದ 150ರವರೆಗೆ, ಅವಧಿ ಹೆಚ್ಚೆಂದರೆ 5 ಗಂಟೆ. ಅಭ್ಯರ್ಥಿಯ ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆಯ ಕಷ್ಟ ಏರಿಳಿಯುತ್ತದೆ. 2023ರ ಏಪ್ರಿಲ್‌ನಿಂದ ರೋಗಿಯೊಬ್ಬರ ಪೂರ್ತಿ ವಿವರ ಕೊಟ್ಟು ತೀರ್ಮಾನ ಕೇಳುವ ಪ್ರಶ್ನೆಗಳೂ ಸೇರಿವೆ. ಫೇಲಾದವರು ಕನಿಷ್ಠ 45 ದಿನ ಕಾದು ಮತ್ತೆ ಬರೆಯಬಹುದು.

ತೇರ್ಗಡೆಯಾದವರಿಗೆ ಲೈಸೆನ್ಸ್ ಕೊಡುವುದು ರಾಜ್ಯದ ಮಂಡಳಿ. ನರ್ಸಿಂಗ್ ಒಪ್ಪಂದಕ್ಕೆ ಸೇರಿದ ರಾಜ್ಯಗಳ ನಿವಾಸಿಗಳು ಬಹುರಾಜ್ಯ ಲೈಸೆನ್ಸ್ ಪಡೆದರೆ ಉಳಿದ ಸದಸ್ಯ ರಾಜ್ಯಗಳಲ್ಲೂ ಕೆಲಸ ಮಾಡಬಹುದು. ಕ್ಯಾಲಿಫೋರ್ನಿಯಾ ಆ ಗುಂಪಿನಲ್ಲಿಲ್ಲ. ಇನ್ನೂ ಮುಂದೆ ಓದುವ ಹಂಬಲವಿದ್ದರೆ ಎಲ್‌ಪಿಎನ್‌ಗಳಿಗಾಗಿಯೇ ಇರುವ ಬ್ರಿಡ್ಜ್ ಕೋರ್ಸ್ ಮುಗಿಸಿ, ಎನ್‌ಕ್ಲೆಕ್ಸ್-ಆರ್‌ಎನ್ ಪಾಸಾಗಿ ರಿಜಿಸ್ಟರ್ಡ್ ನರ್ಸ್ ಆಗುವ ದಾರಿಯೂ ತೆರೆದಿರುತ್ತದೆ.