ಬಾಡಿಗೆಗಾಗಿ ಕೊಳ್ಳುವ ಮನೆ: ದಲ್ಲಾಳಿ ಬೇಕೆ, ಬೇಡವೆ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಪುಣೆಯಲ್ಲಿ ನೆಲೆಸಿದ ಕನ್ನಡಿಗನಿಗೆ ಕಟ್ಟುವ ಕಷ್ಟ ಬಹುಮಟ್ಟಿಗೆ ತಪ್ಪಿದೆ. ಕೊಳ್ಳುವ ಕಷ್ಟ ಉಳಿದಿದೆ. ಬಾಡಿಗೆಯ ವರಮಾನಕ್ಕೆಂದು ಹಿಂಜವಡಿ, ಖರಾಡಿ, ವಾಘೋಲಿಗಳಲ್ಲಿ ಫ್ಲ್ಯಾಟು ಅರಸುವವರಿಗೆ ಮೊದಲು ಎದುರಾಗುವ ಪ್ರಶ್ನೆ, ದಲ್ಲಾಳಿಯ ನೆರವು ಬೇಕೆ ಎಂಬುದು.

ಇದರ ಉತ್ತರವು ಮತ್ತೊಂದು ಪ್ರಶ್ನೆಯಲ್ಲಿದೆ: ಆತನಿಗೆ ಹಣ ಕೊಡುವವರು ಯಾರು? ಹೊಸ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಬಿಲ್ಡರನೇ ಕಮಿಷನ್ ಕೊಡುತ್ತಾನೆ. ಕೊಳ್ಳುವವನಿಗೆ ಖರ್ಚಿಲ್ಲವೆಂದು ತೋರಿದರೂ, ಹೆಚ್ಚು ಕಮಿಷನ್ ಬರುವ ಕಟ್ಟಡವನ್ನೇ ಹೊಗಳುವ ಆಸೆ ದಲ್ಲಾಳಿಗೆ ಸಹಜ. ಔಷಧದ ಅಂಗಡಿಯಿಂದ ಹಣ ಪಡೆಯುವ ವೈದ್ಯನ ಚೀಟಿಯನ್ನು ರೋಗಿಯು ಎಷ್ಟು ನಂಬಿಯಾನು? ಹಳೆಯ ಫ್ಲ್ಯಾಟುಗಳಲ್ಲಿ ಎರಡೂ ಕಡೆಯಿಂದ ದಲ್ಲಾಳಿಯ ಹಣ ಪಡೆಯುವುದುಂಟು.

ಆದುದರಿಂದ ನೆರವು ಬೇಕಾದವರು ತಾವೇ ಹಣ ಕೊಟ್ಟು, ಬೇರಾರಿಂದಲೂ ಪಡೆಯಕೂಡದೆಂದು ಬರಹದಲ್ಲಿ ಗೊತ್ತುಪಡಿಸುವುದು ಲೇಸು. ನೇಮಿಸಿದವನಿಗೆ ತಿಳಿಸದೆ ಏಜೆಂಟನು ಸ್ವಂತ ಲೆಕ್ಕದಲ್ಲಿ ವ್ಯವಹರಿಸಿ ಗಳಿಸಿದ ಲಾಭವನ್ನು ಕೇಳುವ ಹಕ್ಕನ್ನು 1872ರ ಕರಾರು ಕಾಯಿದೆ ನೀಡಿದೆ. 2016ರ ರೇರಾ ಕಾಯಿದೆಯಂತೆ ನೋಂದಾಯಿತ ಯೋಜನೆಗಳ ಮನೆಗಳನ್ನು ಮಾರಿಸುವ ದಲ್ಲಾಳಿಯೂ ನೋಂದಣಿ ಪಡೆದಿರಬೇಕು. 2017ರಿಂದ ಕಾರ್ಯನಿರತವಾಗಿರುವ ಮಹಾರೇರಾದಲ್ಲಿ ಆತನ ಸಂಖ್ಯೆಯನ್ನು ಪರಿಶೀಲಿಸಬಹುದು.

ಲೆಕ್ಕವನ್ನೂ ನೋಡಬೇಕು. 60 ಲಕ್ಷದ ಫ್ಲ್ಯಾಟಿಗೆ ನೂರಕ್ಕೆ ಎರಡರಂತೆ 1,20,000 ರೂಪಾಯಿ. ಬಾಡಿಗೆ 18,000 ಆದರೆ ಸುಮಾರು ಏಳು ತಿಂಗಳ ವರಮಾನ. ಅದಕ್ಕಿಂತ ಹೆಚ್ಚನ್ನು ಬೆಲೆಯಲ್ಲಿ ಇಳಿಸಿದರೆ ಮಾತ್ರ ಹಣ ಸಾರ್ಥಕ. ಪುಣೆಯಿಂದ ದೂರವಿರುವವರಿಗೆ, ಬಡಾವಣೆಯ ಬಾಡಿಗೆ ದರ ತಿಳಿಯದವರಿಗೆ, ಹಳೆಯ ಫ್ಲ್ಯಾಟು ಹುಡುಕುವವರಿಗೆ ಆತ ಉಪಯುಕ್ತ. ನೋಂದಾಯಿತ ಹೊಸ ಯೋಜನೆಯಲ್ಲಿ ಕೊಳ್ಳುವ ಊರಿನವರು ಬಿಲ್ಡರನೊಡನೆ ನೇರವಾಗಿ ಮಾತಾಡಿ, ಉಳಿಯುವ ಕಮಿಷನ್ನನ್ನು ಬೆಲೆಯಲ್ಲಿ ಕಡಿತಗೊಳಿಸೆಂದು ಕೇಳಬಹುದು.

ದಲ್ಲಾಳಿಯಿರಲಿ, ಇಲ್ಲದಿರಲಿ, ವಕೀಲನು ಮಾತ್ರ ಬೇಕೇಬೇಕು. ಮರಾಠಿಯ ಸಾತ್‌ಬಾರಾ ಉತಾರೆ, ಹಿಂದಿನ 30 ವರ್ಷಗಳ ಹಕ್ಕಿನ ದಾಖಲೆ, ಸೊಸೈಟಿಯ ಬಾಕಿ, ಇವುಗಳನ್ನು ಅವನೇ ಪರೀಕ್ಷಿಸಬೇಕು. ಕರಾರುಪತ್ರ ನೋಂದಣಿಯಾಗುವ ಮುನ್ನ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಬಿಲ್ಡರನು ಪಡೆಯುವಂತಿಲ್ಲ. ಆತುರಪಡಿಸುವ ಮಾತಿಗೆ ಮರುಳಾಗಿ ಆಯುಷ್ಯದ ಉಳಿತಾಯವನ್ನು ಒತ್ತೆಯಿಡದಿರುವುದೇ ಜಾಣತನ.