ತಟ್ಟೆಗೆ ತಕ್ಕ ಮುಳ್ಳು

ಡಿ.ಜೆ. ಎಂಬ ಎರಡಕ್ಷರ ಈಗ ನಮ್ಮ ಹಳ್ಳಿಗಳಿಗೂ ಹೊಸತಲ್ಲ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಕಡೆ ಗಣಪತಿಯನ್ನು ನೀರಿಗೆ ಬಿಡುವ ದಿನ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಧ್ವನಿಪೆಟ್ಟಿಗೆಗಳನ್ನೇ ಜನ ಡಿ.ಜೆ. ಎನ್ನುತ್ತಾರೆ. ಎದೆ ನಡುಗಿಸುವ ಸದ್ದಿಗೆ ಆ ಹೆಸರು ರೂಢಿಯಾಗಿಬಿಟ್ಟಿದೆ. ಆದರೆ ಅದರ ಮೂಲಾರ್ಥವೇ ಬೇರೆ. ಡಿಸ್ಕ್ ಜಾಕಿ ಎಂದರೆ ತಟ್ಟೆಯ ಸವಾರ. ಹಾಡಿನ ತಟ್ಟೆಗಳನ್ನು ಆರಿಸಿ, ಒಂದರ ಬೆನ್ನಿಗೆ ಒಂದನ್ನು ಹಾಕಿ, ಕೇಳುವವರ ಮನಸ್ಸನ್ನು ಒಯ್ಯುವವನು. ಈ ಅರ್ಥದಲ್ಲಿ ನಮ್ಮ ಸೀಮೆಯ ಮೊದಲ ಡಿ.ಜೆ. ಎಂದರೆ ಮೈಕ್ ಸೆಟ್ಟಿನವನೇ ಸರಿ. ಮದುವೆಯ ಚಪ್ಪರದ ಮೂಲೆಯಲ್ಲಿ ಕುಳಿತು, ತೆಂಗಿನ ಮರಕ್ಕೆ ಕಟ್ಟಿದ ಕಹಳೆಯಂಥ ಧ್ವನಿವರ್ಧಕದಿಂದ ಬೆಳಗ್ಗೆ ದೇವರ ನಾಮ, ಊಟದ ಹೊತ್ತಿಗೆ ಸಿನಿಮಾ ಹಾಡು, ಹೆಣ್ಣೊಪ್ಪಿಸುವಾಗ ಅದಕ್ಕೊಪ್ಪುವ ಹಾಡು ಎಂದು ಕ್ರಮವರಿತು ಊರಿಗೆಲ್ಲ ಕೇಳಿಸುತ್ತಿದ್ದವನು ಅವನು.

ಕ್ಯಾಸೆಟ್ಟು ಬಂದು ತಟ್ಟೆಯನ್ನು ಅಟ್ಟಕ್ಕೆ ಕಳಿಸಿತು. ಈಗ ನಗರಗಳಲ್ಲಿ ತಟ್ಟೆ ಮತ್ತೆ ಇಳಿದು ಬಂದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ ಬೆಂಗಳೂರಿನಲ್ಲಿ ಈ ಕಲೆಯನ್ನು ಕಲಿಯುತ್ತಿದ್ದಾನೆ. ಹಬ್ಬಕ್ಕೆ ಊರಿಗೆ ಬಂದವನು ಅಟ್ಟದ ಮೇಲಿನ ಟ್ರಂಕಿನಿಂದ ತನ್ನ ಮುತ್ತಾತನ ಕಾಲದ ನಾಟಕದ ಹಾಡುಗಳ ತಟ್ಟೆಗಳನ್ನು ತೆಗೆದು ತಂದು, “ಮೇಷ್ಟ್ರೇ, ಇವನ್ನೂ ನನ್ನ ಯಂತ್ರದಲ್ಲೇ ಹಾಕುತ್ತೇನೆ. ಎಲ್ಲಕ್ಕೂ ಒಂದೇ ಮುಳ್ಳು ಸಾಲದೆ?” ಎಂದು ಕೇಳಿದ. ಸಾಲದು ಎಂಬುದು ಅದಕ್ಕೆ ಚಿಕ್ಕ ಉತ್ತರ. ಏಕೆ ಸಾಲದು ಎಂಬುದೇ ಈ ಭಾಷಣ.

ತಟ್ಟೆಯ ಒಂದು ಮೈಯಲ್ಲಿ ಸಾಮಾನ್ಯವಾಗಿ ಇರುವುದು ಅಂಚಿನಿಂದ ನಡುವಿನ ಕಡೆಗೆ ಸುರುಳಿ ಸುತ್ತುತ್ತ ಹೋಗುವ ಒಂದೇ ಒಂದು ಜಾಡು. ಹಾಡುವವರ ಕಂಠದ ಕಂಪನವೆಲ್ಲ ಆ ಜಾಡಿನ ಗೋಡೆಗಳಲ್ಲಿ ಅಂಕುಡೊಂಕಾಗಿ ಅಚ್ಚಾಗಿರುತ್ತದೆ. ತಟ್ಟೆ ತಿರುಗಿದಂತೆ ಮುಳ್ಳು ಆ ಅಂಕುಡೊಂಕನ್ನು ಅನುಸರಿಸಿ ಓಲಾಡುತ್ತದೆ. ಕೀಲಿ ಕೊಡುವ ಹಳೆಯ ಗ್ರಾಮಫೋನಿನಲ್ಲಿ ಈ ಓಲಾಟ ಒಂದು ತೆಳುವಾದ ಪೊರೆಯನ್ನು ನಡುಗಿಸಿ ನೇರವಾಗಿ ಧ್ವನಿಯಾಗುತ್ತಿತ್ತು. ಈಚಿನ ಯಂತ್ರಗಳಲ್ಲಿ ಅದನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪುಟ್ಟ ಗೂಡಿಗೆ ಕಾರ್ಟ್ರಿಜ್ ಎಂದು ಹೆಸರು. ಅದರ ತುದಿಯ ಮುಳ್ಳೇ ಸ್ಟೈಲಸ್. ಗಾಡಿಯ ಗಾಲಿಗೂ ಜಾಡಿಗೂ ಇರುವ ಸಂಬಂಧವೇ ಇಲ್ಲಿಯೂ ಇದೆ. ಜಾಡಿಗಿಂತ ಗಾಲಿ ಅಗಲವಾದರೆ ಅದು ಅಂಚನ್ನು ಕೊರೆಯುತ್ತದೆ. ಕಿರಿದಾದರೆ ತಳದ ಕೆಸರಿನಲ್ಲಿ ಹೊರಳಾಡುತ್ತದೆ.

ಮೊದಲು ಹಳೆಯ ತಟ್ಟೆಯ ವಿಚಾರ. ನಿಮಿಷಕ್ಕೆ 78 ಸುತ್ತು ತಿರುಗುವ ಈ ತಟ್ಟೆಗಳು ಬಹುಮಟ್ಟಿಗೆ ಅರಗಿನವು. ಕೌರವರು ಪಾಂಡವರಿಗೆ ಕಟ್ಟಿಸಿದ ಮನೆಯ ಅರಗೇ ಇದು. ಅರಗಿನೊಂದಿಗೆ ನುಣ್ಣಗೆ ಅರೆದ ಕಲ್ಲಿನ ಪುಡಿಯನ್ನು ಬೆರೆಸುತ್ತಿದ್ದರು. ಇದರಲ್ಲೊಂದು ಸ್ವಾರಸ್ಯವುಂಟು. ಉಕ್ಕಿನ ಮುಳ್ಳನ್ನು ತಟ್ಟೆಯ ಮೇಲೆ ಇಟ್ಟ ಕೂಡಲೇ ಈ ಕಲ್ಲಿನ ಪುಡಿ ಅದನ್ನು ಸಾಣೆ ಹಿಡಿದು, ಕೆಲವೇ ಸುತ್ತುಗಳಲ್ಲಿ ಜಾಡಿನ ಆಕಾರಕ್ಕೆ ತಂದುಬಿಡುತ್ತಿತ್ತು. ಹತ್ತಂಗುಲದ ತಟ್ಟೆಯ ಒಂದು ಮೈ ಸುಮಾರು ಮೂರು ನಿಮಿಷ ಹಾಡುತ್ತದೆ. ಅಷ್ಟರಲ್ಲಿ ಮುಳ್ಳಿನ ತುದಿ ಸವೆದು, ಅದರ ಪಕ್ಕಗಳಲ್ಲಿ ಹರಿತವಾದ ಏಣುಗಳು ಏಳುತ್ತಿದ್ದವು. ಅದೇ ಮುಳ್ಳನ್ನು ಇನ್ನೊಂದು ತಟ್ಟೆಗೆ ಇಟ್ಟರೆ ಅದು ಮುಳ್ಳಲ್ಲ, ಉಳಿ. ಒಂದು ಮೈಗೆ ಒಂದೇ ಮುಳ್ಳು ಎಂಬ ನಿಯಮ ಹುಟ್ಟಿದ್ದು ಹೀಗೆ. ಕಾಸಿನ ಮುಳ್ಳನ್ನು ಉಳಿಸಲು ಹೋಗಿ ರೂಪಾಯಿಯ ತಟ್ಟೆಯನ್ನು ಕಳೆದುಕೊಂಡ ಮನೆಗಳು ಎಷ್ಟೋ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಜಾಡು ಕಪ್ಪಗೆ ಹೊಳೆಯದೆ ಬೂದಿ ಬಣ್ಣಕ್ಕೆ ತಿರುಗಿದ್ದರೆ, ಸವೆದ ಮುಳ್ಳು ಅಲ್ಲಿ ನಡೆದುಹೋಗಿದೆ ಎಂದು ತಿಳಿಯಬಹುದು.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ ಮೂವತ್ತಮೂರೂ ಕಾಲು ಸುತ್ತಿಗೆ ತುಸು ಹೆಚ್ಚಾಗಿ ತಿರುಗುವ ಎಲ್.ಪಿ. ತಟ್ಟೆಯನ್ನು ಹೊರತಂದಿತು. ಅದು ವಿನೈಲ್ ಎಂಬ ಮೃದುವಾದ ಪ್ಲಾಸ್ಟಿಕ್ಕಿನದು; ಜಾಡು ಬಹಳ ಸಣ್ಣದು. 78ರ ತಟ್ಟೆಗೆ ಒಗ್ಗುವ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 0.075 ಮಿಲಿಮೀಟರ್; ಎಲ್.ಪಿ.ಯ ದುಂಡುಮುಳ್ಳಿನದು ಸುಮಾರು 0.018. ನಾಲ್ಕು ಪಟ್ಟು ವ್ಯತ್ಯಾಸ! ಎಲ್.ಪಿ. ಮುಳ್ಳನ್ನು ಹಳೆಯ ತಟ್ಟೆಗೆ ಇಟ್ಟರೆ ಅದು ಗೋಡೆಗಳನ್ನು ಸರಿಯಾಗಿ ಮುಟ್ಟದೆ ತಳದ ಧೂಳಿನಲ್ಲಿ ಉರುಳುತ್ತದೆ. ಹಾಡಿಗಿಂತ ಗೊರಗೊರ ಸದ್ದೇ ಹೆಚ್ಚಾಗಿ ಕೇಳಿಸುತ್ತದೆ. ಹಳೆಯ ಮುಳ್ಳನ್ನು ಎಲ್.ಪಿ.ಗೆ ಇಟ್ಟರಂತೂ ಜಾಡೇ ಹಾಳು. ಹಿಂದಿನ ರೆಕಾರ್ಡ್ ಪ್ಲೇಯರುಗಳ ಕಾರ್ಟ್ರಿಜ್ಜಿಗೆ ಒಂದು ಕಡ್ಡಿ ಇರುತ್ತಿದ್ದುದು ಹಲವರಿಗೆ ನೆನಪಿರಬಹುದು. ಒಂದು ಕಡೆ ತಿರುಗಿಸಿದರೆ 78ರ ಮುಳ್ಳು, ಇನ್ನೊಂದು ಕಡೆಗೆ ಎಲ್.ಪಿ.ಯ ಮುಳ್ಳು.

ಇನ್ನು ಡಿ.ಜೆ.ಯ ಕೆಲಸಕ್ಕೆ ಬೇಕಾದ ಮುಳ್ಳು. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ತರುಣರು ತಟ್ಟೆಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಎಳೆದು ಅದರಿಂದಲೇ ಹೊಸ ತಾಳ ಹುಟ್ಟಿಸುವುದನ್ನು ಕಂಡುಕೊಂಡರು. ತಟ್ಟೆ ವಾದ್ಯವಾಯಿತು. ಆದರೆ ಮನೆಯಲ್ಲಿ ಸಂಗೀತ ಕೇಳುವವರ ನವುರಾದ ಮುಳ್ಳು ಈ ಎಳೆದಾಟವನ್ನು ತಾಳದು. ಅಂಡಾಕಾರದ ತುದಿ ಜಾಡಿನ ಸೂಕ್ಷ್ಮಗಳನ್ನು ಚೆನ್ನಾಗಿ ಓದುತ್ತದೆ, ನಿಜ. ಹಿಂದಕ್ಕೆ ಎಳೆದಾಗ ಅದರ ಕಿರಿದಾದ ಅಂಚು ಗೋಡೆಯನ್ನು ಕೆರೆಯುತ್ತದೆ. ಆದ್ದರಿಂದ ತಟ್ಟೆಯನ್ನು ಎಳೆದಾಡುವವರಿಗೆ ದುಂಡು ತುದಿಯೇ ಲೇಸು. ಮುಳ್ಳನ್ನು ಹೊತ್ತ ಸಣ್ಣ ಕಡ್ಡಿಯೂ ಬಲವಾಗಿರಬೇಕು. ಕಾರ್ಟ್ರಿಜ್ಜು ಅಯಸ್ಕಾಂತ ಓಲಾಡುವ ಬಗೆಯದಾದರೆ ಅನುಕೂಲ. ಸವೆದ ಮುಳ್ಳನ್ನು ಬೆರಳಿನಿಂದಲೇ ಕಿತ್ತು ಹೊಸದನ್ನು ತೊಡಿಸಬಹುದು. ತಂತಿಯ ಸುರುಳಿ ಓಲಾಡುವ ಬಗೆ ಬೆಲೆಯುಳ್ಳದ್ದು, ಇಂಪಾದದ್ದು, ಆದರೆ ಸಾಮಾನ್ಯವಾಗಿ ಅದರ ಮುಳ್ಳನ್ನು ನಾವೇ ಬದಲಿಸುವಂತಿಲ್ಲ. ಅದು ಮನೆಯ ಮೂಲೆಗೆ ಸರಿ, ರಂಗಸ್ಥಳಕ್ಕಲ್ಲ. ಅಮೆರಿಕದ ಶೂರ್ ಸಂಸ್ಥೆಯ ಎಂ 44–7 ಎಂಬುದು ಈ ಕಲಾವಿದರಿಗೆ ಬಹುಕಾಲ ಅಚ್ಚುಮೆಚ್ಚಾಗಿತ್ತು. 2018ರಲ್ಲಿ ಆ ಸಂಸ್ಥೆ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಡೆನ್ಮಾರ್ಕಿನ ಆರ್ಟೊಫಾನ್ ಸಂಸ್ಥೆಯ ಕಾಂಕಾರ್ಡ್ ಮಾದರಿ ಇಂದಿಗೂ ಬಳಕೆಯಲ್ಲಿದೆ.

ಭಾರದ ವಿಷಯದಲ್ಲಿ ಒಂದು ತಪ್ಪು ನಂಬಿಕೆಯುಂಟು. ಮುಳ್ಳು ಹಗುರವಾಗಿ ಕುಳಿತಷ್ಟೂ ತಟ್ಟೆಗೆ ಕ್ಷೇಮ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಗುಳದ ಮೇಲೆ ಒತ್ತು ಸಾಲದಿದ್ದರೆ ನೇಗಿಲು ಸಾಲು ಬಿಟ್ಟು ಹಾರುವಂತೆ, ತೀರ ಹಗುರಾದ ಮುಳ್ಳು ಜಾಡಿನಲ್ಲಿ ಕುಪ್ಪಳಿಸಿ ಗೋಡೆಗಳಿಗೆ ಬಡಿಯುತ್ತದೆ. ಮನೆಯ ಕಾರ್ಟ್ರಿಜ್ಜಿಗೆ ಸಾಮಾನ್ಯವಾಗಿ 2 ಗ್ರಾಂ ಆಸುಪಾಸು, ಡಿ.ಜೆ.ಯದಕ್ಕೆ ಹಲವು ವೇಳೆ 3ರಿಂದ 5 ಗ್ರಾಂ. ತಯಾರಕರು ಕೊಟ್ಟ ಮಿತಿಯೊಳಗೆ ಪುಟ್ಟ ತಕ್ಕಡಿಯಲ್ಲಿ ತೂಗಿ ಇಡುವುದೇ ಉಚಿತ. ಹಾರಿತೆಂದು ಮುಳ್ಳಿನ ಮೇಲೆ ನಾಣ್ಯ ಅಂಟಿಸುವುದು ಸಲ್ಲದು. ವಜ್ರದ ಮುಳ್ಳೂ ಸವೆಯುತ್ತದೆ. ನೂರಾರು ಗಂಟೆ ದುಡಿದ ಮೇಲೆ ಅದಕ್ಕೂ ಮುಪ್ಪು. ನೀಲಮಣಿಯದಕ್ಕೆ ಇನ್ನೂ ಬೇಗ. ಹಾಡಿನಲ್ಲಿ ಸಕಾರ ಶಕಾರಗಳು ಸೀಳಿದಂತೆ ಕೇಳಿಸತೊಡಗಿದರೆ ಮುಳ್ಳನ್ನು ಪರೀಕ್ಷಿಸಬೇಕು. ಮೇಷ್ಟರ ಕಿವಿಗೆ ಇದು ಬೇಗ ತಿಳಿಯುತ್ತದೆ.

ಇನ್ನೊಂದು ಮಾತು. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದೂ ಒರೆಸಬೇಡಿ. ಅರಗು ಅದರಲ್ಲಿ ಕರಗುತ್ತದೆ. ಕೊಬ್ಬರಿ ಎಣ್ಣೆಯ ಕೈ ನಮ್ಮ ಸೀಮೆಯ ಗುರುತು. ಆ ಕೈಯಿಂದ ಜಾಡನ್ನು ಮುಟ್ಟಬೇಡಿ, ಅಂಚನ್ನು ಮಾತ್ರ ಹಿಡಿಯಿರಿ.

ಇಷ್ಟೆಲ್ಲ ಏಕೆ? 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಸರ ಆಶ್ರಯದಲ್ಲಿ ಕಳೆದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಕೆಯ ಕಂಠವನ್ನು ನೇರವಾಗಿ ಕೇಳಿದವರು ಈಗ ಯಾರಿದ್ದಾರೆ? ಉಳಿದಿರುವುದು ಜಾಡು ಮಾತ್ರ. ಗುಬ್ಬಿ ವೀರಣ್ಣನವರು ಹುಟ್ಟಿದ ಈ ಜಿಲ್ಲೆಯಲ್ಲಿ ನಾಟಕದ ಹಾಡಿನ ತಟ್ಟೆ ಇನ್ನೂ ಎಷ್ಟು ಅಟ್ಟಗಳ ಮೇಲಿದೆಯೋ. ಅಂಥ ತಟ್ಟೆಗೆ ಪ್ರತಿ ಸಲದ ಹಾಡೂ ಒಂದು ಸವೆತ.

ಆದ್ದರಿಂದ ಆ ತರುಣನಿಗೆ ನಾನು ಹೇಳಿದ್ದಿಷ್ಟು: ಮುಳ್ಳನ್ನು ಆರಿಸುವಾಗ ಮೊದಲು ತಟ್ಟೆಯನ್ನು ನೋಡು, ಆಮೇಲೆ ಕೆಲಸವನ್ನು, ಕೊನೆಗೆ ಬೆಲೆಯನ್ನು. ಹೊಸ ವಿನೈಲ್ ತಟ್ಟೆಗಳನ್ನು ದುಂಡುಮುಳ್ಳಿನಲ್ಲಿ ಎಷ್ಟು ಬೇಕೋ ಅಷ್ಟು ಎಳೆದಾಡು; ಅವು ಮತ್ತೆ ಸಿಕ್ಕಾವು. ಮುತ್ತಾತನ ತಟ್ಟೆಗಳನ್ನು 78ರ ವೇಗವುಳ್ಳ ಯಂತ್ರದಲ್ಲಿ, 78ರ ಮುಳ್ಳಿನಿಂದ ಒಮ್ಮೆ ನೆಟ್ಟಗೆ ಹಾಡಿಸಿ ಕಂಪ್ಯೂಟರಿಗೆ ಇಳಿಸಿಕೋ. ಸಭೆಯಲ್ಲಿ ಆ ಪ್ರತಿಯನ್ನು ಬಳಸು, ತಟ್ಟೆ ವಿಶ್ರಮಿಸಲಿ. ಹಾಡಿದವರು ಮತ್ತೆ ಬಂದು ಹಾಡುವುದಿಲ್ಲ.